ಥೇಟ್ ಬೇಕರಿಯಂತೆ

ಅಡುಗೆಯ ಬರಹಗಳಲ್ಲಿ ನನಗೆ ಬಹಳ ಅನುಮಾನ ಹುಟ್ಟಿಸುವ ಮಾತೊಂದಿದೆ: 'ಥೇಟ್'. ಥೇಟ್ ಹೋಟೆಲಿನಂಥ ಸಾಂಬಾರು, ಥೇಟ್ ಮದುವೆಮನೆಯಂಥ ಪುಳಿಯೋಗರೆ, ಥೇಟ್ ಬೇಕರಿಯಂಥ ಟೋಸ್ಟು. ಮೊದಲು ಇದನ್ನು ವಾರಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಓದುತ್ತಿದ್ದೆವು, ಆಮೇಲೆ ಟೀವಿಯಲ್ಲಿ ನೋಡಿದೆವು, ಈಗ ಮೊಬೈಲಿನ ಮೇಲೆ ಬೆರಳಾಡಿಸಿದರೆ ಸಾಕು, ಬಳೆ ತೊಟ್ಟ ಕೈಯೊಂದು ಬಾಣಲೆಗೆ ಎಣ್ಣೆ ಬಿಡುತ್ತಾ ಅದೇ ಮಾತು ಹೇಳುತ್ತದೆ. ಕಾದಂಬರಿಯನ್ನು, ಸಿನಿಮಾವನ್ನು ವಿಮರ್ಶೆ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ನಾವು ಹೆಂಗಸರು ದಿನವೂ ನಂಬಿ, ದಿನಸಿ ಖರ್ಚು ಮಾಡಿ, ಬೆವರು ಸುರಿಸಿ ಪರೀಕ್ಷಿಸುವ ಈ ಬರಹವನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ತಿಂಡಿ ಕೆಟ್ಟರೆ ಮಾತು ಕೇಳುವವಳು ಮಾಡಿದವಳು, ಬರೆದವಳಲ್ಲ. ಹಾಗಾಗಿ ಈ ಸಲ ನಾನೇ ಆ ಕೆಲಸಕ್ಕೆ ಕೂತಿದ್ದೇನೆ. ವಿಷಯ ದೊಡ್ಡದೇನಲ್ಲ. ಅಯ್ಯಂಗಾರ್ ಬೇಕರಿಯ ಮಸಾಲೆ ಟೋಸ್ಟು, ಮತ್ತು ಅದನ್ನು ಮನೆಯ ಕಾವಲಿಯ ಮೇಲೆ ಥೇಟ್ ಮಾಡಿಸಿಕೊಡುತ್ತೇವೆಂದು ಮಾತು ಕೊಡುವ ಪಾಕವಿಧಾನಗಳು.

ಈ ಟೋಸ್ಟು ತಿನ್ನದವರು ಕಡಿಮೆ, ಆದರೂ ಏನೆಂದು ಹೇಳಿಬಿಡುತ್ತೇನೆ. ದಪ್ಪಗೆ ಕೊಯ್ದ ಬಿಳಿ ಬ್ರೆಡ್ಡಿನ ಹೋಳು, ದೊಡ್ಡ ಕಬ್ಬಿಣದ ಕಾವಲಿಯ ಮೇಲೆ ಜಿಡ್ಡು ಸವರಿ ಎರಡೂ ಮಗ್ಗುಲು ಕೆಂಪಗೆ ಮಾಡಿದ್ದು. ಅದರ ಮೇಲೆ ಈರುಳ್ಳಿ, ಟೊಮ್ಯಾಟೊ, ತುರಿದ ಕ್ಯಾರೆಟ್, ಹಸಿಮೆಣಸಿನಕಾಯಿಗೆ ಅರಿಸಿನ, ಅಚ್ಚಖಾರದ ಪುಡಿ ಹಾಕಿ ಬಾಡಿಸಿದ ಪಲ್ಯ. ಮೇಲೊಂದಿಷ್ಟು ಕೊತ್ತಂಬರಿ ಸೊಪ್ಪು. ಇನ್ನೊಂದು ಹೋಳನ್ನು ಮೇಲೆ ಹೊದಿಸುವ ಪದ್ಧತಿಯಿಲ್ಲ, ಪಲ್ಯ ಮುಖ ತೋರಿಸಿಕೊಂಡೇ ಇರಬೇಕು. ಮಗುಚುವ ಕೈಯ ಅಂಚಿನಿಂದಲೇ ನಾಲ್ಕು ತುಂಡು ಮಾಡಿ ಕಾಗದದ ಮೇಲಿಟ್ಟು ಕೊಡುತ್ತಾರೆ. ಊರಿಂದ ಊರಿಗೆ ಪಲ್ಯ ಬದಲಾಗುತ್ತದೆ. ನಾನು ತಿಂದು ಬೆಳೆದದ್ದು ಅರಸೀಕೆರೆಯಲ್ಲಿ, 1970ರ ದಶಕದ ಕೊನೆಯ ವರ್ಷಗಳಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರದ ನಮ್ಮ ಬೇಕರಿಯ ಪಲ್ಯದಲ್ಲಿ ಎಲೆಕೋಸೂ ಇರುತ್ತಿತ್ತು, ಜೊತೆಗೆ ಚಿಟಿಕೆ ಸಕ್ಕರೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನ್ನ ಓರಗಿತ್ತಿ ಇದನ್ನು ಕೇಳಿದರೆ 'ಎಲೆಕೋಸಾ?' ಎಂದು ಮುಖ ಸಿಂಡರಿಸುತ್ತಾಳೆ. ಅವಳ ಟೋಸ್ಟು ಅವಳಿಗೆ, ನಮ್ಮದು ನಮಗೆ.

ಬ್ರೆಡ್ಡು ನಮ್ಮಂಥ ಮನೆಗಳಿಗೆ ಬಂದದ್ದು ಜ್ವರದ ಜೊತೆಗೆ. ಡಾಕ್ಟರು ಗಂಜಿ ಕೊಡಿ, ಇಲ್ಲವೇ ಹಾಲು ಬ್ರೆಡ್ಡು ಕೊಡಿ ಅನ್ನುತ್ತಿದ್ದರು. ಜ್ವರ ಬಿಟ್ಟ ಕೂಡಲೇ ಬ್ರೆಡ್ಡೂ ಮನೆ ಬಿಡುತ್ತಿತ್ತು. ಯಾರು ಕಲಸಿದರೋ, ಯಾವ ನೀರೋ, ಮೊಟ್ಟೆ ಬೇರೆ ಹಾಕಿದ್ದಾರೋ ಏನೋ ಎಂಬ ಶಂಕೆಯಿಂದ ಮಡಿಯ ಅಡುಗೆಮನೆಯ ಹೊಸ್ತಿಲು ದಾಟುವ ಯೋಗ್ಯತೆ ಅದಕ್ಕೆ ಇರಲಿಲ್ಲ. ಆ ಶಂಕೆಯನ್ನು ಕಳೆದದ್ದು ಬೋರ್ಡಿನ ಮೇಲಿನ 'ಅಯ್ಯಂಗಾರ್' ಎಂಬ ಪದ. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಸಹೋದರರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆದ ಬೆಂಗಳೂರು ಬ್ರದರ್ಸ್ ಬೇಕರಿ, ಅಂದರೆ ಜನರ ಬಾಯಲ್ಲಿನ ಬಿ.ಬಿ. ಬೇಕರಿ, ಈ ಸಂತತಿಯ ಹಿರಿಯಣ್ಣ. ಮಿಠಾಯಿ ಮಾರುತ್ತಿದ್ದವರು ಆಂಗ್ಲರೊಬ್ಬರಿಂದ ಬ್ರೆಡ್ಡು ಸುಡುವುದನ್ನು ಕಲಿತರೆಂಬುದು ಅವರ ಮನೆತನದಲ್ಲಿ ಹೇಳಿಕೊಂಡು ಬಂದ ಕಥೆ. ವಿಶ್ವೇಶ್ವರಪುರದ ವಿ.ಬಿ. ಬೇಕರಿ 1953ರದು. ಆಮೇಲೆ ಹಾಸನ ಜಿಲ್ಲೆಯ ಹಳ್ಳಿಗಳಿಂದ ಅಣ್ಣನ ಹಿಂದೆ ತಮ್ಮ, ಮಾವನ ಹಿಂದೆ ಅಳಿಯ ಎಂಬಂತೆ ಹೊರಟು ಊರೂರಿನಲ್ಲಿ ಸೌದೆ ಒಲೆ ಹೂಡಿದರು. ಮೊಟ್ಟೆ ಹಾಕದ ಬೇಕರಿ ಎಂಬುದೇ ಅವರ ಹೆಚ್ಚುಗಾರಿಕೆಯಾಯಿತು.

ಜಾತಿಯ ಹೆಸರೊಂದು ಶುಚಿಯ ಸರ್ಟಿಫಿಕೇಟಾಗಿ ಬೋರ್ಡಿನ ಮೇಲೆ ಕೂತದ್ದರಲ್ಲಿ ನಾನು ಹೆಮ್ಮೆಪಡುವಂಥದ್ದೇನೂ ಕಾಣುವುದಿಲ್ಲ. ಅದೇ ರುಚಿಯ ಬ್ರೆಡ್ಡನ್ನು ಬೇರೆಯವರು ಸುಟ್ಟಿದ್ದರೆ ನಮ್ಮಜ್ಜಿ ಅಂಗಳದಾಚೆಗೇ ನಿಲ್ಲಿಸುತ್ತಿದ್ದರು. ಆದರೆ ಆ ಬೋರ್ಡಿನ ದೆಸೆಯಿಂದಲೇ ನಮ್ಮ ಮನೆಗೆ ಒಲೆ ಹಚ್ಚದೆ ಸಂಜೆಯ ತಿಂಡಿ ಬರುವಂತಾಯಿತು ಎನ್ನುವುದೂ ನಿಜ. ಈ ಎರಡನೆಯ ಮಾತನ್ನು ಸ್ವಲ್ಪ ಜ್ಞಾಪಕದಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಳೆದ ಮಳೆಗಾಲದಲ್ಲಿ ಬಿಡುವು ಮಾಡಿಕೊಂಡು ಹನ್ನೊಂದು ಪಾಕವಿಧಾನಗಳನ್ನು ಓದಿದೆ, ನೋಡಿದೆ, ಕೆಲವನ್ನು ಮಾಡಿಯೂ ನೋಡಿದೆ. ಇವುಗಳಲ್ಲಿ ಹತ್ತಕ್ಕೆ ಸಮಾನವಾದ ಒಂದು ಗುಣವಿದೆ. ಎಲ್ಲವೂ ಧಾರಾಳ. ಬ್ರೆಡ್ಡು ತಾಜಾ ಇರಬೇಕಂತೆ, ಬೆಣ್ಣೆ ಮನೆಯದಾಗಬೇಕಂತೆ, ಪಲ್ಯ ಹೊಗೆಯಾಡುತ್ತಿರಬೇಕಂತೆ. ಅದು ಸಾಲದೆಂದು ಗರಂ ಮಸಾಲೆ, ಟೊಮ್ಯಾಟೊ ಸಾಸು, ದೊಣ್ಣೆಮೆಣಸಿನಕಾಯಿ, ಕೊನೆಗೆ ಒಂದು ಮುಷ್ಟಿ ಚೀಸು. ಮಕ್ಕಳು ಇಷ್ಟಪಟ್ಟು ತಿನ್ನುತ್ತವೆ, ಸಂಶಯವಿಲ್ಲ. ಚೀಸು ಸುರಿದರೆ ಮಕ್ಕಳು ಹಾಗಲಕಾಯನ್ನೂ ತಿಂದಾವು. ಆದರೆ ಬೇಕರಿಯ ಟೋಸ್ಟು ಧಾರಾಳದಿಂದ ಹುಟ್ಟಿದ ತಿಂಡಿಯೇ ಅಲ್ಲ, ಉಳಿತಾಯದಿಂದ ಹುಟ್ಟಿದ್ದು. ನಿನ್ನೆ ಮಾರಾಟವಾಗದೆ ಉಳಿದ ಬ್ರೆಡ್ಡನ್ನು ಇವತ್ತು ಎರಡರಷ್ಟು ಬೆಲೆಗೆ ಹೇಗೆ ಮಾರಬಹುದು ಎಂಬ ಜಾಣತನ ಅದರ ಹಿಂದೆ ಇದೆ. ಅದನ್ನು ಅರ್ಥ ಮಾಡಿಕೊಳ್ಳದ ಪಾಕವಿಧಾನ ಎಷ್ಟು ಚಮಚ, ಎಷ್ಟು ಗ್ರಾಂ ಎಂದು ಕರಾರುವಾಕ್ಕಾಗಿ ಬರೆದರೂ ದಾರಿ ತಪ್ಪಿಸುತ್ತದೆ.

ಬ್ರೆಡ್ಡಿನಿಂದಲೇ ನೋಡಿ. ಬ್ರೆಡ್ಡು ಹಳತಾಗುವುದೆಂದರೆ ಒಣಗುವುದು ಎಂದು ನಾವೆಲ್ಲ ತಿಳಿದಿರುತ್ತೇವೆ. ಅಷ್ಟೇ ಅಲ್ಲ. ಒಲೆಯಲ್ಲಿ ಬೆಂದು ಸಡಿಲವಾಗಿದ್ದ ಹಿಟ್ಟಿನ ಪಿಷ್ಟ, ಆರುತ್ತಾ ಆರುತ್ತಾ ಮತ್ತೆ ಒತ್ತಾಗಿ ಕೂಡಿಕೊಂಡು ಗಟ್ಟಿಯಾಗುತ್ತದೆ. ತಂಗಳನ್ನ ಬಿರುಸಾಗುವುದೂ ಹೀಗೆಯೇ. ಫ್ರಿಜ್ಜಿನಲ್ಲಿಟ್ಟರೆ ಇದು ಇನ್ನೂ ಬೇಗ ಆಗುತ್ತದೆ. ಹೀಗೆ ಒಂದು ದಿನ ಕಳೆದ ಹೋಳಿಗೆ ಬೆನ್ನೆಲುಬು ಬಂದಿರುತ್ತದೆ. ಜಿಡ್ಡನ್ನು ಮೇಲೆ ಮೇಲೆಯೇ ಕುಡಿಯುತ್ತದೆ, ಪಲ್ಯದ ಭಾರ ಹೊರುತ್ತದೆ, ಕಾವಲಿಯ ಕಾವು ತಾಕಿದಾಗ ಒಳಗೆ ಮತ್ತೆ ಮೆತ್ತಗಾಗುತ್ತದೆ. ತಾಜಾ ಬ್ರೆಡ್ಡಿಗೆ ಈ ಯಾವ ಶಕ್ತಿಯೂ ಇಲ್ಲ. ಬೆಣ್ಣೆಯನ್ನು ಸ್ಪಂಜಿನಂತೆ ಹೀರಿ, ಪಲ್ಯ ಬಿದ್ದ ಕೂಡಲೇ ನಡುವೆ ಕುಸಿದು ಕೂರುತ್ತದೆ. 'ತಾಜಾ ಬ್ರೆಡ್ಡೇ ತನ್ನಿ' ಎಂದು ಗಟ್ಟಿ ದನಿಯಲ್ಲಿ ಹೇಳುವ ಪಾಕವಿಧಾನ ಮೊದಲ ಸಾಲಿನಲ್ಲೇ ಸೋತಿದೆ.

ಕಾವಲಿಯ ವಿಷಯದಲ್ಲಂತೂ ಬಹುಪಾಲು ಬರಹಗಳು ಬಾಯಿಯೇ ಬಿಡುವುದಿಲ್ಲ. 'ತವಾ ಬಿಸಿ ಮಾಡಿ' ಎಂದು ಮೂರು ಪದ ಹೇಳಿ ಮುಂದೆ ಓಡುತ್ತವೆ. ಬೇಕರಿಯ ಕಾವಲಿ ಹೆಬ್ಬೆರಳು ದಪ್ಪದ ಕಬ್ಬಿಣದ ಹಲಗೆ. ಸಂಜೆ ನಾಲ್ಕಕ್ಕೆ ಹಚ್ಚಿದರೆ ಅಂಗಡಿ ಬಾಗಿಲು ಹಾಕುವವರೆಗೂ ಅದು ತಣ್ಣಗಾಗುವುದಿಲ್ಲ. ಬ್ರೆಡ್ಡು ಕೆಂಪಾಗಿ ಆ ಪರಿಮಳ ಬರಬೇಕಾದರೆ ಅದರ ಮೈ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಅದಕ್ಕೆ ಮೊದಲು ಮೇಲುಮೈಯ ನೀರು ಹಾರಿಹೋಗಬೇಕು. ದಪ್ಪ ಕಬ್ಬಿಣ ತನ್ನೊಳಗೆ ಕೂಡಿಟ್ಟ ಕಾವಿನಿಂದ ಇದನ್ನು ಚುರುಕಾಗಿ ಮಾಡಿ ಮುಗಿಸುತ್ತದೆ. ನಮ್ಮ ಮನೆಗಳ ತೆಳು ನಾನ್‌ಸ್ಟಿಕ್ ತವಾದ ಮೇಲೆ ಎರಡು ಹೋಳು ಇಟ್ಟರೆ ತವಾವೇ ನಡುಗಿ ತಣ್ಣಗಾಗುತ್ತದೆ. ಅದು ಮತ್ತೆ ಕಾಯುವಷ್ಟರಲ್ಲಿ ಬ್ರೆಡ್ಡು ಒಳಗಿನವರೆಗೂ ಒಣಗಿ ರಸ್ಕಾಗಿರುತ್ತದೆ. ಉರಿ ಜೋರು ಮಾಡೋಣವೆಂದರೆ ನಾನ್‌ಸ್ಟಿಕ್ಕನ್ನು ಬರಿದಾಗಿ ವಿಪರೀತ ಕಾಯಿಸುವುದು ಒಳ್ಳೆಯದಲ್ಲ, 260 ಡಿಗ್ರಿ ಮೀರಿದರೆ ಆ ಲೇಪ ಕೆಡಲು ತೊಡಗುತ್ತದೆ. ಅಟ್ಟದ ಮೇಲಿರುವ ಹಳೆಯ ದೋಸೆ ಕಾವಲಿಯನ್ನು ಇಳಿಸಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕಾಯಲು ಬಿಡಿ ಎಂದು ಒಂದು ಸಾಲು ಬರೆದಿದ್ದರೆ ಎಷ್ಟು ಜನರಿಗೆ ಉಪಕಾರವಾಗುತ್ತಿತ್ತು!

ಗ್ಯಾಸಿನ ಉರಿಯ ಮೇಲೆ ಹಿಡಿಯುವ ಉದ್ದ ಹಿಡಿಯ ಟೋಸ್ಟರು ನಿಮ್ಮ ಮನೆಯಲ್ಲೂ ಇದ್ದಿರಬೇಕು. ಎರಡು ತಟ್ಟೆಗಳ ನಡುವೆ ಬ್ರೆಡ್ಡಿಟ್ಟು ಕ್ಲಿಪ್ಪು ಹಾಕುವುದು. ವಸ್ತುಪ್ರದರ್ಶನದ ಮಳಿಗೆಗಳಲ್ಲಿ ಮಾರುತ್ತಿದ್ದರು. ಮೂರು ಪಾಕವಿಧಾನಗಳು ಅದನ್ನೇ ಬಳಸುತ್ತವೆ. ಆ ಸಾಧನದ ಬಗ್ಗೆ ನನಗೆ ಪ್ರೀತಿಯೇ ಇದೆ, ಆಲೂಗಡ್ಡೆ ಪಲ್ಯ ಇಟ್ಟು ಮಾಡಿದರೆ ಅದರಷ್ಟು ಸೊಗಸು ಇನ್ನೊಂದಿಲ್ಲ. ಆದರೆ ಮುಚ್ಚಿ ಸುಟ್ಟಾಗ ಪಲ್ಯದ ಹಬೆ ಒಳಗೇ ಸಿಕ್ಕಿಕೊಂಡು ಬ್ರೆಡ್ಡನ್ನು ಬೇಯಿಸುತ್ತದೆ. ಅದು ಸ್ಯಾಂಡ್‌ವಿಚ್ಚು. ಅದಕ್ಕೆ ಅದರದೇ ಮರ್ಯಾದೆ ಇದೆ, ಇನ್ನೊಬ್ಬರ ಹೆಸರು ಇಟ್ಟುಕೊಳ್ಳುವ ಅಗತ್ಯವಿಲ್ಲ.

ಹನ್ನೊಂದರಲ್ಲಿ ಒಂದು ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಯಿತು. ಅದು ಎಲ್ಲೂ ಅಚ್ಚಾದದ್ದಲ್ಲ, ನಮ್ಮ ಎದುರು ಮನೆಯವರ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದು. ಆರೇ ಸಾಲು. ನಿನ್ನೆಯ ಬ್ರೆಡ್ಡು, ದೋಸೆ ಕಾವಲಿ, ಈರುಳ್ಳಿಗೆ ಮೊದಲೇ ಉಪ್ಪು ಬೆರೆಸಿ ನೀರು ಹಿಂಡು, ಟೊಮ್ಯಾಟೊ ಕೊನೆಗೆ, ಪಲ್ಯ ಆರಲಿ, ಸಕ್ಕರೆ ಮರೆಯಬೇಡ. ತನಗಾಗಿ ತಾನೇ ಬರೆದುಕೊಂಡದ್ದರಿಂದ ಅದರಲ್ಲಿ ಯಾರನ್ನೂ ಮೆಚ್ಚಿಸುವ ಆಸೆ ಇಲ್ಲ. 'ಥೇಟ್' ಎಂಬ ಪದವೂ ಇಲ್ಲ.

ಅದನ್ನು ಹಿಡಿದು ನಾನು ಮಾಡಿಕೊಂಡ ಅಳತೆ ಹೀಗಿದೆ: ಎಂಟು ಹೋಳಿಗೆ ಮೂರು ಮಧ್ಯಮ ಗಾತ್ರದ ಈರುಳ್ಳಿ, ಒಂದು ಹಿಡಿ ಸಣ್ಣಗೆ ಹೆಚ್ಚಿದ ಎಲೆಕೋಸು, ಒಂದು ಕ್ಯಾರೆಟ್, ಎರಡು ಟೊಮ್ಯಾಟೊ, ನಾಲ್ಕು ಹಸಿಮೆಣಸಿನಕಾಯಿ, ಒಂದು ಎಸಳು ಕರಿಬೇವು. ಟೊಮ್ಯಾಟೊ ಕರಗಿ ಗೊಜ್ಜಾಗುವ ಮೊದಲೇ ಇಳಿಸಬೇಕು. ಇಳಿಸಿ ಅಗಲ ತಟ್ಟೆಯಲ್ಲಿ ಹರಡಿ ಅರ್ಧ ಗಂಟೆ ಮರೆತುಬಿಡಬೇಕು. ಬೇಕರಿಯವನ ಪಲ್ಯ ಮಧ್ಯಾಹ್ನವೇ ಆಗಿ ಸಂಜೆಯವರೆಗೆ ಕಾವಲಿಯ ಮೂಲೆಯಲ್ಲಿ ಕೂತು ನೀರು ಬಿಟ್ಟುಕೊಟ್ಟಿರುತ್ತದಲ್ಲ, ಅದಕ್ಕೆ ಇದು ನಮ್ಮ ಬದಲಿ.

ಇಷ್ಟೆಲ್ಲ ಮಾಡಿದರೂ ಒಂದು ಅಂಶ ಕೈಗೆ ಸಿಗುವುದಿಲ್ಲ, ಸಿಗಬಾರದು ಕೂಡ. ಆ ಕಾಲದ ಸಣ್ಣ ಊರಿನ ಬೇಕರಿಯಲ್ಲಿ ಕಾವಲಿಗೆ ಸವರುತ್ತಿದ್ದದ್ದು ಬೆಣ್ಣೆಯಲ್ಲ, ವನಸ್ಪತಿ. 1937ರಲ್ಲಿ ಡಾಲ್ಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು, ತೆಂಗಿನ ಮರದ ಚಿತ್ರದ ಹಳದಿ ಡಬ್ಬಿಯಾಗಿ ನಮ್ಮ ಅಮ್ಮಂದಿರ ಶೆಲ್ಫು ಹತ್ತಿದ ವಸ್ತು. ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ಗೊತ್ತಾದ ಮೇಲೆ ಸರ್ಕಾರ ಅದರ ಮಿತಿಯನ್ನು ಹಂತಹಂತವಾಗಿ ಇಳಿಸುತ್ತಾ ಬಂದು, 2022ರ ಜನವರಿಯಿಂದ ನೂರಕ್ಕೆ ಎರಡಕ್ಕಿಂತ ಹೆಚ್ಚು ಇರಕೂಡದೆಂದು ಮಾಡಿದೆ. ಬ್ರೆಡ್ಡಿನ ಹಿಟ್ಟು ಚೆನ್ನಾಗಿ ಉಬ್ಬಲೆಂದು ಕೆಲವು ಕಡೆ ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟು 2016ರಲ್ಲಿ ನಿಷೇಧವಾಯಿತು. ಹೀಗಾಗಿ ನನ್ನ ಬಾಲ್ಯದ ರುಚಿಯ ಒಂದು ಪಾಲು ಈಗ ಕಾನೂನಿನ ಪ್ರಕಾರವೇ ಸಿಗುವಂತಿಲ್ಲ. 'ಥೇಟ್' ಎಂದು ಬರೆಯುವವರಿಗೆ ಇಷ್ಟಾದರೂ ಗೊತ್ತಿರಬೇಡವೇ?

ಈ ಗೀಳು ನಮ್ಮದೊಂದೇ ಅಲ್ಲ. ನನ್ನ ಚಿಕ್ಕಮ್ಮನ ಮಗಳು ಶಿಕಾಗೋದ ಹತ್ತಿರ ಇದ್ದಾಳೆ. ಅಲ್ಲಿಯವರಿಗೆ ಹಾಟ್ ಡಾಗ್ ಎಂದರೆ ನಮಗೆ ಟೋಸ್ಟು ಇದ್ದ ಹಾಗೆ. ಉದ್ದನೆಯ ಬನ್ನಿನ ನಡುವೆ ಮಾಂಸದ ಸಾಸೇಜು ಇಡುವ ತಿಂಡಿ. ನಾನು ತಿಂದವಳಲ್ಲ, ಅವಳೂ ತಿನ್ನುವುದಿಲ್ಲ, ಆದರೆ ಅದರ ಶಾಸ್ತ್ರ ಅವಳಿಗೆ ಬಾಯಿಪಾಠ. ಬನ್ನಿನ ಮೇಲೆ ಗಸಗಸೆ ಇರಬೇಕು. ಹಳದಿ ಸಾಸಿವೆ, ಕಣ್ಣು ಕುಕ್ಕುವ ಹಸಿರಿನ ಸೌತೆಕಾಯಿ ಉಪ್ಪಿನಕಾಯಿ, ಹೆಚ್ಚಿದ ಈರುಳ್ಳಿ, ಟೊಮ್ಯಾಟೊ ಹೋಳು, ಉಪ್ಪಿನಲ್ಲಿ ನೆನೆದ ಪುಟ್ಟ ಮೆಣಸಿನಕಾಯಿ, ಮೇಲೆ ಸೆಲರಿ ಉಪ್ಪು. ಕೆಚಪ್ಪು ಹಾಕಿದಿರೋ, ಜಾತಿಯಿಂದ ಹೊರಗೆ. ಅಲ್ಲಿನ ಹಳೆಯ ಅಂಗಡಿಗಳಲ್ಲಿ ಸಾಸೇಜನ್ನು ಬಿಸಿನೀರಿನಲ್ಲೋ ಹಬೆಯಲ್ಲೋ ಕಾಯಿಸುತ್ತಾರೆ. ಅವಳ ಪಕ್ಕದ ಮನೆಯಾತ ಬೇಸಿಗೆ ಬಂತೆಂದರೆ ಹಿತ್ತಲಿನ ಗ್ರಿಲ್ಲಿನ ಮೇಲೆ ಅದನ್ನು ಕಪ್ಪಾಗುವಂತೆ ಸುಟ್ಟು, ಚಿಕ್ಕಂದಿನಲ್ಲಿ ತಿಂದ ಹಾಗೆ ಇಲ್ಲವಲ್ಲ ಎಂದು ಪ್ರತಿ ವರ್ಷವೂ ಕೊರಗುತ್ತಾನಂತೆ. ನೀರಿನಲ್ಲಿ ಕಾಯಿಸಿದ್ದನ್ನು ಬೆಂಕಿಯಲ್ಲಿ ಹುಡುಕಿದರೆ ಹೇಗೆ ಸಿಕ್ಕೀತು! ಅವನದೂ ನಮ್ಮವರದೇ ಧಾರಾಳ. ಒಂದು ವ್ಯತ್ಯಾಸ ಮಾತ್ರ ನನ್ನ ತಂಗಿ ಹೇಳಿ ನಕ್ಕಳು. ಅಲ್ಲಿ ಗ್ರಿಲ್ಲಿನ ಮುಂದೆ ನಿಲ್ಲುವವನು ಗಂಡಸು, ಹೆಂಡತಿ ಕುರ್ಚಿಯಲ್ಲಿ ಕೂತಿರುತ್ತಾಳೆ. ಈರುಳ್ಳಿ, ಟೊಮ್ಯಾಟೊ ಹೆಚ್ಚಿ ತಂದಿಟ್ಟವಳು ಅವಳೇ, ಆಮೇಲೆ ಪಾತ್ರೆ ಬಳಿಯುವವಳೂ ಅವಳೇ, ಆದರೂ ಅಷ್ಟು ಹೊತ್ತಾದರೂ ಕೂತಿರುತ್ತಾಳಲ್ಲ ಅಕ್ಕ ಅಂದಳು.

ಈ ಕೂರುವ ಮಾತಿನಿಂದಲೇ ನನ್ನ ಮುಖ್ಯ ಆಕ್ಷೇಪಣೆ ಶುರುವಾಗುವುದು.

ದೀಪಾವಳಿಗೆ ತಮ್ಮ ಬಂದಿದ್ದ. ನಿನ್ನೆಯ ಬ್ರೆಡ್ಡು, ದೋಸೆ ಕಾವಲಿ, ಆರಿದ ಪಲ್ಯ ಎಲ್ಲ ಸರಿಯಾಗಿಟ್ಟುಕೊಂಡು ಟೋಸ್ಟು ಮಾಡಿದೆ. ಅವನು ಒಂದು ತುಂಡು ಕಚ್ಚಿ, 'ಪಲ್ಯ ಅದೇ ಕಣಕ್ಕ, ಗರಿಗರಿ ಸಾಲದು' ಅಂದ. ನನಗೆ ಆಶ್ಚರ್ಯ. ನನ್ನ ನೆನಪಿನ ಟೋಸ್ಟಿನಲ್ಲಿ ಗರಿಗರಿಯೇ ಇಲ್ಲ! ಅದು ಮೆತ್ತಗೆ, ಸ್ವಲ್ಪ ಒದ್ದೆಯಾಗಿ, ಪಲ್ಯದ ಅರಿಸಿನ ಬ್ರೆಡ್ಡಿಗಿಳಿದು, ಎತ್ತಿದರೆ ನಡು ಬಗ್ಗುವಂಥದ್ದು. ಒಂದೇ ಊರು, ಒಂದೇ ಬೇಕರಿ, ಒಂದೇ ಕಾವಲಿ. ಇಬ್ಬರಲ್ಲಿ ಯಾರ ನೆನಪು ಸುಳ್ಳು?

ಇಬ್ಬರದೂ ನಿಜ. ಅವನು ಬೇಕರಿಯ ಮುಂದೆ ರಸ್ತೆಯಲ್ಲಿ ನಿಂತು, ಕಾವಲಿಯಿಂದ ಇಳಿದದ್ದನ್ನು ಬೆರಳು ಸುಟ್ಟುಕೊಳ್ಳುತ್ತಾ ತಿಂದವನು. ನಾನು ಮನೆಯಲ್ಲಿ ಕಾದು ತಿಂದವಳು. ನಮ್ಮೂರಿನ ಹೋಟೆಲುಗಳಲ್ಲಾದರೂ ಪರದೆ ಎಳೆದ ಫ್ಯಾಮಿಲಿ ರೂಮು ಅಂತ ಇರುತ್ತಿತ್ತು, ಅಪ್ಪ ಅಣ್ಣಂದಿರ ಜೊತೆ ಹೆಂಗಸರು ಹೋಗಿ ಕೂರಬಹುದಿತ್ತು. ಬೇಕರಿಗೆ ಅದೂ ಇಲ್ಲ. ಗಾಜಿನ ಕಪಾಟು, ಅದರಾಚೆ ರಸ್ತೆ. ರಸ್ತೆಯಲ್ಲಿ ನಿಂತು ತಿನ್ನುವುದು ಹುಡುಗರ ಕೆಲಸ. ಹುಡುಗಿಯರು ಬಂದರೆ ಕಟ್ಟಿಸಿಕೊಂಡು ಹೋಗಬೇಕು. ಅಪ್ಪ ಸಂಬಳದ ವಾರ ತರುತ್ತಿದ್ದ ಟೋಸ್ಟು ನ್ಯೂಸ್ ಪೇಪರಿನಲ್ಲಿ ಸುತ್ತಿ, ಹುರಿಯಲ್ಲಿ ಕಟ್ಟಿಸಿಕೊಂಡು, ಸೈಕಲ್ಲಿನ ಹ್ಯಾಂಡಲಿಗೆ ನೇತುಬಿದ್ದು ಇಪ್ಪತ್ತು ನಿಮಿಷ ಬರುತ್ತಿತ್ತು. ಅಷ್ಟರಲ್ಲಿ ತನ್ನದೇ ಹಬೆಯಲ್ಲಿ ತಾನೇ ಬೆವೆತು ಮೆತ್ತಗಾಗಿರುತ್ತಿತ್ತು. ಗರಿಗರಿ ಎನ್ನುವುದು ಅಂಗಡಿಯ ಮುಂದೆ ನಿಲ್ಲಲು ಅಪ್ಪಣೆಯಿದ್ದವರ ರುಚಿ.

ಇನ್ನು ಹನ್ನೊಂದು ಪಾಕವಿಧಾನಗಳನ್ನು ತೆಗೆದು ಮತ್ತೆ ಓದಿ ನೋಡಿ. ಎಲ್ಲವೂ ಗರಿಗರಿಯ ಜಪ ಮಾಡುತ್ತವೆ. ಬರೆದವರಲ್ಲಿ ಬಹುಪಾಲು ಹೆಂಗಸರೇ, ಆದರೆ ಅವರ ಕಣ್ಣಮುಂದೆ ಇರುವ ನಾಲಿಗೆ ತಮ್ಮಂದಿರದು, ಗಂಡಂದಿರದು. ಮೆತ್ತನೆಯ ಟೋಸ್ಟನ್ನು ಬಯಸಿದವಳೊಬ್ಬಳು ಇದ್ದಾಳೆಂದು, ಅವಳಿಗೂ ಒಂದು ಬಾಲ್ಯವಿತ್ತೆಂದು ಒಬ್ಬರಿಗೂ ಹೊಳೆದಂತಿಲ್ಲ. 'ನೆನಪಿನ ರುಚಿ' ಎಂದು ತಲೆಬರಹ ಕೊಡುತ್ತಾರೆ, ಯಾರ ನೆನಪು ಎಂದು ಕೇಳಿಕೊಳ್ಳುವುದಿಲ್ಲ.

ಮಾರನೆಯ ದಿನ ನನ್ನ ಟೋಸ್ಟು ಮಾಡಿಕೊಂಡೆ. ನ್ಯೂಸ್ ಪೇಪರಿನಲ್ಲಿ ತಿಂಡಿ ಸುತ್ತಬೇಡಿರೆಂದು ಆಹಾರ ಸುರಕ್ಷತಾ ಪ್ರಾಧಿಕಾರದವರು 2016ರಲ್ಲೇ ಹೇಳಿದ್ದಾರೆ, ಮಸಿ ಹೊಟ್ಟೆಗೆ ಹೋಗುತ್ತದೆ. ಅದಕ್ಕೆ ಬಾಡಿಸಿದ ಬಾಳೆಎಲೆಯಲ್ಲಿ ಸುತ್ತಿ, ಮೇಲೆ ಬಟ್ಟೆ ಹೊದಿಸಿ ಇಪ್ಪತ್ತು ನಿಮಿಷ ಇಟ್ಟೆ. ಬಿಚ್ಚಿದಾಗ ಬಂದ ಆ ಬೆವೆತ ವಾಸನೆ, ಬಗ್ಗಿದ ನಡು, ಬೆರಳಿಗಂಟುವ ಅರಿಸಿನ! ತಮ್ಮ ನೋಡಿ, 'ಇದನ್ನ ಹಾಳು ಮಾಡಿಬಿಟ್ಟೆಯಲ್ಲ' ಅಂದ. ಅವನಿಗೆ ಕೊಡಲಿಲ್ಲ.

ಅಮ್ಮನಿಗೆ ಕೊಟ್ಟೆ. ಅವಳಿಗೆ ಈಗ ಎಂಬತ್ತೆರಡು, ಹಲ್ಲಿಗೆ ಮೆತ್ತನೆಯದೇ ಬೇಕು. ನಿಧಾನವಾಗಿ ತಿಂದಳು. 'ಚೆನ್ನಾಗಿದೆ ಕಣೆ. ಹಂಗೇ ಇದೆ' ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ಆದ್ರೆ ಮನೇಲಿ ನೀನು ನಿಂತ್ಕೊಂಡು ಮಾಡೋದಾದ್ರೆ ಬ್ರೆಡ್ಡು ಯಾಕೆ ಹೇಳು, ಅಕ್ಕಿರೊಟ್ಟಿ ತಟ್ಟಬಹುದಿತ್ತಲ್ಲ' ಅಂದಳು.

ಈ ತಿಂಡಿಯ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ದೋಸೆ ದಿನ ಅಮ್ಮ ಕೂತದ್ದನ್ನು ನಾನು ನೋಡಿಲ್ಲ. ಐದು ಜನ ತಿಂದು ಏಳುವವರೆಗೆ ಸೀಮೆಎಣ್ಣೆ ಸ್ಟೌವಿನ ಮುಂದೆ ನಿಂತು, ಕೊನೆಗೆ ತಳದ ಹಿಟ್ಟಿನಲ್ಲಿ ಎರಡು ಹೊಯ್ದುಕೊಂಡು ನಿಂತೇ ತಿನ್ನುತ್ತಿದ್ದಳು. ರೊಟ್ಟಿಯ ದಿನವೂ ಅಷ್ಟೆ. ಟೋಸ್ಟು ಬಂದ ಸಂಜೆ ಮಾತ್ರ ಸ್ಟೌ ಹಚ್ಚುವಂತಿರಲಿಲ್ಲ. ಹಜಾರದ ಕಂಬಕ್ಕೆ ಒರಗಿ ಕಾಲು ಚಾಚಿ, ನಮ್ಮೆಲ್ಲರ ಜೊತೆ, ನಮ್ಮಷ್ಟೇ ಬಿಸಿಯದನ್ನು ತಿನ್ನುತ್ತಿದ್ದಳು. ಅವಳ ತುಂಡಿನ ಮೇಲೂ ನಮ್ಮದರಷ್ಟೇ ಪಲ್ಯ ಇರುತ್ತಿತ್ತು, ಏಕೆಂದರೆ ಬಡಿಸಿದವನು ಬೇಕರಿಯವನು. ಮೊದಲ ತುಂಡು ಬಾಯಿಗಿಟ್ಟಾಗ ಅವಳು ಕಣ್ಣು ಮುಚ್ಚುತ್ತಿದ್ದಳು ಎಂಬುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅದನ್ನು ಉಪ್ಪು ಖಾರದ ಲೆಕ್ಕಕ್ಕೆ ಬರೆದುಕೊಳ್ಳುವುದು ಹೇಗೆ? ಬೇಕರಿಯ ಟೋಸ್ಟನ್ನು ಮನೆಯಲ್ಲೇ 'ಥೇಟ್' ಮಾಡುವ ಪಾಕವಿಧಾನ ಮೊದಲು ಮಾಡುವ ಕೆಲಸವೆಂದರೆ ಆ ಹೆಂಗಸನ್ನು ಕಂಬದ ಬುಡದಿಂದ ಎಬ್ಬಿಸಿ ಕಾವಲಿಯ ಮುಂದೆ ನಿಲ್ಲಿಸುವುದು. ಆಮೇಲೆ ಪಲ್ಯದಲ್ಲಿ ಏನೋ ಕಮ್ಮಿ ಎಂದು ಹುಡುಕುವುದು.

ಹಾಗಂತ ಮಾಡಲೇಬೇಡಿ ಅನ್ನುತ್ತಿಲ್ಲ. ನಮ್ಮಂಥ ಊರುಗಳಲ್ಲಿ ಸೌದೆ ಒಲೆಯ ಬೇಕರಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ, ನಮ್ಮ ಬಸ್ ಸ್ಟ್ಯಾಂಡಿನದೂ ಈಗ ಇಲ್ಲ. ಮಾಡದೆ ಇನ್ನೇನು ಗತಿ? ದೀಪಾವಳಿಯ ಮೂರನೆಯ ದಿನ ತಮ್ಮನಿಗೇ ಮಗುಚುವ ಕೈ ಕೊಟ್ಟೆ. ಗರಿಗರಿ ಹೇಗೆ ಬರುತ್ತದೋ ನೀನೇ ನೋಡಿಕೋ ಅಂದೆ. ಮೂರು ಹೋಳು ಕಪ್ಪಾದವು, ನಾಲ್ಕನೆಯದರಿಂದ ಕೈ ಕುದುರಿತು. ಅಮ್ಮ, ನಾನು, ನಾದಿನಿ ಮೂವರೂ ಹಜಾರದಲ್ಲಿ ಕೂತಿದ್ದೆವು. ಅವನು ತಂದುಕೊಟ್ಟ ಟೋಸ್ಟಿನಲ್ಲಿ ಪಲ್ಯ ಒಂದೇ ಮೂಲೆಗೆ ಬಿದ್ದಿತ್ತು, ಉಪ್ಪು ಮುಂದಾಗಿತ್ತು. ನಾನು ಮಾಡಿದ ಎರಡು ದಿನದ ಟೋಸ್ಟಿಗಿಂತ ಅದು ಬೇಕರಿಗೆ ಹತ್ತಿರವಾಗಿತ್ತು ಎಂಬುದು ನನ್ನ ತೀರ್ಪು. ನಾದಿನಿಗೂ ಒಪ್ಪಿಗೆ. ಅಮ್ಮ ಮಾತ್ರ ಮಗ ಬೆವರುತ್ತಿದ್ದಾನೆಂದು ನಾಲ್ಕು ಸಲ ಏಳಲು ನೋಡಿದಳು, ನಾಲ್ಕು ಸಲವೂ ಕೈ ಹಿಡಿದು ಕೂರಿಸಿದೆವು.

ಇನ್ನೊಂದು ಸಣ್ಣ ಆಕ್ಷೇಪಣೆ ಹೇಳಿ ಮುಗಿಸುತ್ತೇನೆ. ಇಡೀ ಬ್ರೆಡ್ಡು ಮನೆಗೆ ಬಂದಾಗ ಅದರ ಎರಡು ತುದಿಗಳೂ ಬರುತ್ತವೆ, ಮೂರು ಕಡೆ ಕಂದು ಸಿಪ್ಪೆಯ ಆ ಗಟ್ಟಿ ಹೋಳುಗಳು. ಬೇಕರಿಯವನು ಅವನ್ನು ಟೋಸ್ಟಿಗೆ ಹಾಕಿ ಯಾರಿಗೂ ಕೊಡುತ್ತಿರಲಿಲ್ಲ. ಪಾಕವಿಧಾನಗಳೂ ಅವುಗಳ ಸುದ್ದಿ ಎತ್ತುವುದಿಲ್ಲ. ಎಷ್ಟೋ ಮನೆಗಳಲ್ಲಿ ಅವು ಯಾರ ತಟ್ಟೆಗೆ ಹೋಗುತ್ತವೆಂದು ನಿಮಗೂ ಗೊತ್ತು. ನಾನು ಅವನ್ನು ಬಿಸಿಲಿಗೆ ಒಣಗಿಸಿ ಪುಡಿ ಮಾಡಿ ಡಬ್ಬಿಯಲ್ಲಿ ಇಡುತ್ತೇನೆ, ಕಟ್ಲೆಟ್ಟಿಗೆ ಹೊರಳಿಸಲು ಆಗುತ್ತದೆ. ಕಟ್ಲೆಟ್ಟು ಅಂದೊಡನೆ ತಮ್ಮ ಕಿವಿ ನಿಮಿರಿಸಿದ್ದಾನೆ. ಥೇಟ್ ರೈಲಿನದರಂತೆ ಬರಬೇಕಂತೆ. ಜಂಕ್ಷನ್ನಿನ ಊರಲ್ಲಿ ಬೆಳೆದವನಲ್ಲವೇ.